ಮೂರನೆಯ ಕಾಲಂ

ಗಡ್ಡಕ್ಕೆ ಸೋಪು ಹಚ್ಚಿಕೊಂಡು ಬಲಗೆನ್ನೆ ಬೋಳಿಸಿ ಮುಗಿಸುತ್ತಿದ್ದನಷ್ಟೆ, ಬಚ್ಚಲಿನ ಗೋಡೆಯಾಚೆ ಮಗಳು ಬಾಯಿಪಾಠ ಮಾಡುವುದು ಕೇಳಿಸಿತು. ಬಿಗಿನ್ ಬಿಗ್ಯಾನ್ ಬಿಟನ್, ಬೈಟ್ ಬಿಟ್ ಬ್ಲೋನ್, ಬ್ಲೋ ಬ್ಲೂ ಬ್ರೋಕನ್, ಬ್ರೇಕ್ ಬ್ರೋಕ್ ಬ್ರಾಟ್. ಇಂಗ್ಲಿಷಿನಲ್ಲಿ ಹೇಳಿದ ಮಾತು ಕೇಳದ ಕೆಲವು ಕ್ರಿಯಾಪದಗಳಿವೆಯಲ್ಲ, ಈಗಿನದಕ್ಕೊಂದು ರೂಪ, ನಿನ್ನೆಯದಕ್ಕೊಂದು ರೂಪ, ಆಗಿ ಮುಗಿದದ್ದಕ್ಕೆ ಮತ್ತೊಂದು ರೂಪ, ಯಾವ ನಿಯಮಕ್ಕೂ ಬಗ್ಗದೆ ತಮಗೆ ತೋಚಿದಂತೆ ವೇಷ ಬದಲಿಸುವಂಥವು, ಅವನ್ನು ಮಕ್ಕಳು ಮೂರು ಮೂರಾಗಿ ಉರು ಹೊಡೆಯುತ್ತಾರೆ. ಮೊದಲ ಸಲ ಕೇಳಿದಾಗ ಅವನಿಗೆ ನಗು ಬಂತು. ಹುಡುಗಿ ನಿದ್ದೆಗಣ್ಣಿನಲ್ಲಿ ಒದರುತ್ತಿದೆ, ಬಿಟನ್ ಎಲ್ಲಿ, ಬಿಗಿನ್ ಎಲ್ಲಿ, ಎಂದುಕೊಂಡ. ಎರಡನೆಯ ಸಲವೂ ಅದೇ ಲಯದಲ್ಲಿ ಅದೇ ಮಾತು ಬಂದಾಗ ಬ್ಲೇಡು ಕೆನ್ನೆಯ ಮೇಲೆಯೇ ನಿಂತಿತು. ಪ್ರತಿಯೊಂದು ಸಾಲಿನ ಮೂರನೆಯ ಮಾತು ಆ ಸಾಲಿನದಲ್ಲ, ಕೆಳಗಿನ ಸಾಲಿನದು. ಒಂದೊಂದೇ ಮನೆ ಮೇಲಕ್ಕೆ ಸರಿದುಕೊಂಡು ಕೂತಿದೆ. ಮಕ್ಕಳ ತಪ್ಪಿಗೆ ಇಷ್ಟು ಶಿಸ್ತು ಇರುವುದಿಲ್ಲ. ಇಷ್ಟು ಶಿಸ್ತಿನ ತಪ್ಪು ಪ್ರೆಸ್ಸಿನಿಂದಲೇ ಬರಬೇಕು. ಕನ್ನಡಿಯಲ್ಲಿ ಅರ್ಧ ಬೋಳಿಸಿದ ಮುಖವೊಂದು ಅವನನ್ನೇ ನೋಡುತ್ತಿತ್ತು. ಕೆನ್ನೆಯ ಸೋಪು ಒಣಗಿ ಚರ್ಮವನ್ನು ಎಳೆಯುತ್ತಿತ್ತು.

ಟವಲಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದು, ಏನೂ ಆಗದವನ ಹಾಗೆ ಮಗಳ ಹಿಂದೆ ನಿಂತು ಬಗ್ಗಿ ನೋಡಿದ. ತನ್ನ ಪ್ರೆಸ್ಸಿನಲ್ಲಿ ಅಚ್ಚಾದ ಅದೇ ಇಂಗ್ಲಿಷ್ ಪುಸ್ತಕ. ಹಿಂಬದಿಯ ಪಟ್ಟಿ, ಮೂರು ಕಾಲಂ, ಅವನೇ ನಾಲ್ಕು ತಿಂಗಳ ಹಿಂದೆ ಕರಡು ತಿದ್ದಿ ‘ಮುದ್ರಿಸಬಹುದು’ ಎಂದು ಬರೆದು ಸಹಿ ಹಾಕಿದ ಪುಟ. ಮೂರನೆಯ ಕಾಲಮ್ಮಿನಲ್ಲಿ ಅರೈಸನ್, ಬೀಟನ್ ಸರಿಯಾಗಿದ್ದವು. ಅದರ ಕೆಳಗೆ ಬಿಕಮ್ ಇರಬೇಕಿತ್ತು, ಇರಲಿಲ್ಲ. ಆ ಜಾಗಕ್ಕೆ ಬಿಗನ್ ಬಂದು ಕೂತು, ಅಲ್ಲಿಂದ ಕೆಳಗೆ ಇಡೀ ಪುಟ ಒಂದು ಮೆಟ್ಟಿಲು ಹತ್ತಿಬಿಟ್ಟಿತ್ತು. ಕಟ್ಟಕಡೆಯ ಸಾಲಿನಲ್ಲಿ ಮಾತ್ರ ಕಟ್ ಕಟ್ ಕಟ್ ಎಂದು ಮೂರೂ ನೆಟ್ಟಗೆ ನಿಂತಿದ್ದವು. ಆ ಕೊನೆಯ ಕಟ್ ಅವನದೇ ಕೈಬರಹದಿಂದ ಹುಟ್ಟಿದ್ದು ಎಂಬುದು ಅವನಿಗೆ ಆಗ ನೆನಪಾಗಲಿಲ್ಲ.

“ಇದು ಸರಿ ಇಲ್ವಲ್ಲೇ,” ಎಂದ.

“ಪುಸ್ತಕದಲ್ಲಿ ಹೀಗೇ ಇದೆ ಅಪ್ಪಾ,” ಎಂದಳು ಮಗಳು, ತಲೆ ಎತ್ತದೆ. “ನಿನ್ನೆ ಹಿಂದಿನ ಬೆಂಚಿನವಳು ಬ್ರೇಕ್ ಬ್ರೋಕ್ ಬ್ರೋಕನ್ ಅಂದಳು, ಮಿಸ್ಸು ನಿಲ್ಲಿಸಿಬಿಟ್ರು. ಪುಸ್ತಕ ನೋಡ್ದೆ ಬಾಯಿಗೆ ಬಂದಿದ್ದು ಹೇಳ್ತೀಯಾ ಅಂತ. ಪೀರಿಯಡ್ ಮುಗಿಯೋವರೆಗೂ ನಿಂತಿದ್ಲು, ಪಾಪ.” ಆಮೇಲೆ ಏನೋ ನೆನಪಾಗಿ ಹೆಮ್ಮೆಯಿಂದ ಅವನ ಮುಖ ನೋಡಿದಳು. “ನಿನ್ನ ಪ್ರೆಸ್ಸಲ್ಲೇ ಅಲ್ವಾ ಇದು ಮಾಡಿದ್ದು? ನಾನು ಎಲ್ಲರಿಗೂ ಹೇಳಿದೀನಿ.”

ಹೆಂಡತಿ ಅಡುಗೆಮನೆಯಿಂದ, “ಬೆಳಗ್ಗೆ ಬೆಳಗ್ಗೆ ಅವಳ ತಲೆ ಕೆಡಿಸ್ಬೇಡ್ರೀ, ಇವತ್ತು ಪರೀಕ್ಷೆ ಇದೆ,” ಎಂದಳು. ಮಗಳು ಅವನ ಉತ್ತರಕ್ಕೆ ಕಾಯುತ್ತಿದ್ದಳು. ಹನ್ನೆರಡು ವರ್ಷದ ಮುಖ, ಪೆನ್ಸಿಲಿನ ತುದಿ ತುಟಿಗೆ ಒತ್ತಿಕೊಂಡು. ಸರಿಯಾದದ್ದು ಯಾವುದೆಂದು ಒಂದು ನಿಮಿಷದಲ್ಲಿ ಹೇಳಿಬಿಡಬಹುದಿತ್ತು. ಹೇಳಿದರೆ ಅವಳು ಹೋಗಿ ಮಿಸ್ಸಿನ ಎದುರು ಹೇಳುತ್ತಾಳೆ, ನಮ್ಮಪ್ಪ ಹೇಳಿದ್ರು ಪುಸ್ತಕ ತಪ್ಪು ಅಂತ ಎನ್ನುತ್ತಾಳೆ, ಮಿಸ್ಸು ಯಾರಿಗೋ ಹೇಳುತ್ತಾರೆ. “ಪುಸ್ತಕದಲ್ಲಿ ಇದ್ದ ಹಾಗೇ ಓದು,” ಎಂದ ಅವನು. ಅಷ್ಟು ಹೇಳಿ ಒಳಗೆ ಹೋಗಿ ಅಂಗಿ ತೊಟ್ಟುಕೊಂಡ. ಎಡಗೆನ್ನೆ ಬೋಳಿಸುವುದು ಮರೆತೇ ಹೋಗಿತ್ತು.

ಪ್ರೆಸ್ಸಿನಲ್ಲಿ ಅವನಿಗೆ ಪೂರ್ಣವಿರಾಮ ಎಂದು ಅಡ್ಡಹೆಸರು. ಎಲ್ಲೋ ಅಡಿಟಿಪ್ಪಣಿಯ ಮೂಲೆಯಲ್ಲಿ ಒಂದು ಚುಕ್ಕಿ ಬಿಟ್ಟುಹೋದರೂ ಹಿಡಿದು ತರುತ್ತಾನೆ ಎಂದು ಯಾರೋ ಇಟ್ಟದ್ದು, ಮೂವತ್ತು ವರ್ಷಗಳಲ್ಲಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಅವನ ಕಣ್ಣು ಚುರುಕು ಎಂದು ಎಲ್ಲರೂ ತಿಳಿದಿದ್ದರು. ಅವನಿಗೆ ಗೊತ್ತಿತ್ತು, ಕಣ್ಣಲ್ಲ, ಹೆದರಿಕೆ. ಅಪ್ಪ ಗುಮಾಸ್ತ, ಮಗನಾದರೂ ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರೆಯಬೇಕು ಎಂಬ ಹಟ ಅವರಿಗೆ. ಬೆಳಿಗ್ಗೆ ಶೂಗೆ ಪಾಲಿಶು ಹಾಕುತ್ತ ಕೂತವರು ಒಂದು ಕ್ರಿಯಾಪದ ಎಸೆಯುತ್ತಿದ್ದರು, ಬ್ರಷ್ಷು ಎರಡು ಸಲ ಆಡುವಷ್ಟರಲ್ಲಿ ಉಳಿದೆರಡು ರೂಪ ಅವನ ಬಾಯಿಂದ ಬರಬೇಕಿತ್ತು. ತಪ್ಪಿದರೆ ಹೊಡೆಯುತ್ತಿರಲಿಲ್ಲ. ಬ್ರಷ್ಷು ನಿಲ್ಲಿಸಿ ಅವನನ್ನು ನೋಡುತ್ತಿದ್ದರು, ಅಷ್ಟೆ. ಆ ನೋಟ ತಪ್ಪಿಸಿಕೊಳ್ಳಲು ಅವನು ಜಗತ್ತಿನ ತಪ್ಪುಗಳನ್ನೆಲ್ಲ ಮೊದಲೇ ಹುಡುಕಿಡುವುದನ್ನು ಕಲಿತ. ಬಸ್ಸಿನ ಕಂಬಿ ಹಿಡಿದು ನಿಂತು ಈಗ ಅವನು ಯೋಚಿಸುತ್ತಿದ್ದದ್ದು ನಲವತ್ತೆರಡು ಸಾವಿರ ಪ್ರತಿಗಳನ್ನು. ಎದುರಿನ ಸೀಟಿನಲ್ಲಿ ಇಬ್ಬರು ಶಾಲೆಯ ಮಕ್ಕಳು ಬ್ಯಾಗು ತಬ್ಬಿಕೊಂಡು ತುಟಿ ಅಲ್ಲಾಡಿಸುತ್ತಿದ್ದರು. ಅವರೇನು ಹೇಳುತ್ತಿದ್ದರೋ ದೇವರಿಗೇ ಗೊತ್ತು, ಅವನಿಗೆ ಮಾತ್ರ ಬ್ರೇಕ್ ಬ್ರೋಕ್ ಬ್ರಾಟ್ ಎಂದೇ ಕೇಳಿಸಿತು. ತನ್ನ ನಿಲ್ದಾಣಕ್ಕಿಂತ ಒಂದು ನಿಲ್ದಾಣ ಮೊದಲೇ ಇಳಿದು ನಡೆದ.

ಹೇಗಾಯಿತು ಎಂಬುದು ನಡೆಯುತ್ತ ನಡೆಯುತ್ತ ನೆನಪಾಗತೊಡಗಿತು, ಬೇಡವೆಂದರೂ ಬಿಡದೆ. ಕರಡು ತಿದ್ದುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ಕೇಳಿಸಿಕೊಳ್ಳುತ್ತ ತಿದ್ದಬೇಕು. ಅವನಿಗೆ ಓದುತ್ತಿದ್ದವಳನ್ನು ಎಲ್ಲರೂ ಓದಮ್ಮ ಎನ್ನುತ್ತಿದ್ದರು. ಐವತ್ತೈದು ದಾಟಿದ ಹೆಂಗಸು, ಗಂಟಲು ಒಣಗದಿರಲಿ ಎಂದು ದವಡೆಯಲ್ಲಿ ಯಾವಾಗಲೂ ಒಂದು ಲವಂಗ, ಹತ್ತೊಂಬತ್ತು ವರ್ಷದಿಂದ ತಾತ್ಕಾಲಿಕ ಕೆಲಸ. ಅಣ್ಣನ ಮನೆಯಲ್ಲಿ ತನಗೊಂದು ಕೋಣೆ ಇರುವುದು ಈ ಕೆಲಸ ಇರುವ ತನಕ ಮಾತ್ರ ಎಂದು ಒಮ್ಮೆ ನಗುನಗುತ್ತಲೇ ಹೇಳಿದ್ದಳು. ಇಂಗ್ಲಿಷ್ ಅಕ್ಷರ ಕೂಡಿಸಿ ತಪ್ಪಿಲ್ಲದೆ ಓದುವಳು, ಅರ್ಥ ಮಾತ್ರ ತಿಳಿಯದು. ಪಟ್ಟಿಯನ್ನು ಅಡ್ಡಡ್ಡವಾಗಿ, ಸಾಲು ಸಾಲಾಗಿ ಓದುವುದು ಪದ್ಧತಿ. ಅದಕ್ಕೆ ಹೊತ್ತು ಹಿಡಿಯುತ್ತದೆ, ಕಣ್ಣು ಮೂರು ಕಾಲಮ್ಮಿಗೂ ಹಾರಾಡಬೇಕು. ಆ ದಿನ ನಾಲ್ಕು ಗಂಟೆಗೆ ಮ್ಯಾನೇಜರ ಕೋಣೆಗೆ ಯಾರೋ ದೊಡ್ಡ ಅಧಿಕಾರಿ ಬರುವವರಿದ್ದರು, “ನೀವೂ ಬನ್ರೀ, ಪರಿಚಯ ಮಾಡಿಸ್ತೀನಿ,” ಎಂದಿದ್ದರು ಮ್ಯಾನೇಜರು. ಮೂರೂವರೆಯಾಗಿತ್ತು. ಮೇಲಿಂದ ಕೆಳಗೆ ಓದಿಬಿಡಿ, ಒಂದೊಂದೇ ಕಾಲಂ, ಎಂದಿದ್ದ ಅವನು. ಅಷ್ಟೇ ಅಲ್ಲ, ಅದೇ ಸಾಲಿನಲ್ಲಿ ಮೊದಲೇ ಬಂದ ಮಾತು ಮತ್ತೆ ಬಂದರೆ ಹೇಳಬೇಡಿ, ಮೇಜಿನ ಮೇಲೆ ಪೆನ್ಸಿಲಿನಿಂದ ಒಂದು ಸಲ ಕುಟ್ಟಿ, ಸಾಕು, ಎಂದೂ ಸೇರಿಸಿದ್ದ. ಅವಳು ಹಾಗೇ ಮಾಡಿದಳು. ಮೂರನೆಯ ಕಾಲಮ್ಮಿನಲ್ಲಿ ಬಿಕಮ್ ಬಂದಾಗ ಟಕ್ ಎಂದು ಕುಟ್ಟಿದಳು. ಟಕ್ ಎನ್ನುವುದಕ್ಕೆ ಅಕ್ಷರ ಎಲ್ಲಿದೆ, ಅವನ ಕಣ್ಣು ಆ ಸದ್ದಿನ ಮೇಲಿಂದ ಜಾರಿ ಬಿಗನ್ನಿಗೆ ಹೋಯಿತು, ಬಿಗನ್ ಎಂದು ಅವಳೂ ಹೇಳಿದಳು, ಎಲ್ಲವೂ ತಾಳೆಯಾಯಿತು. ಹೀಗೆ ತಳದವರೆಗೂ ತಾಳೆಯಾಗುತ್ತ ಹೋಗಿ ಕೊನೆಯಲ್ಲೊಂದು ಜಾಗ ಖಾಲಿ ಉಳಿಯಿತು. ಕಟ್, ಕಟ್, ಅದರ ಮುಂದೆ ಬರಿದು. ಕಂಪೋಸ್ ಮಾಡಿದವನು ಬಿಟ್ಟಿದ್ದಾನೆ ಎಂದು ಬೈದುಕೊಂಡು, ತನ್ನ ಕೆಂಪು ಮಸಿಯ ಪೆನ್ನಿನಿಂದ ಅಲ್ಲಿ ತಾನೇ ಕಟ್ ಎಂದು ದುಂಡಗೆ ಬರೆದ. ತಪ್ಪು ಹಿಡಿದ ಖುಷಿಯೂ ಆಗಿತ್ತು, ಸುಳ್ಳು ಹೇಳಬಾರದು.

ಆಗ ಅವಳು ಕೇಳಿದ್ದಳು. ಅದು ನೆನಪಾದಾಗ ಅವನು ಫುಟ್‌ಪಾತಿನ ಮೇಲೆ ನಿಂತುಬಿಟ್ಟ, ಹಿಂದೆ ಬರುತ್ತಿದ್ದವರು ಡಿಕ್ಕಿ ಹೊಡೆದು, “ನೋಡ್ಕೊಂಡು ನಡೀರೀ,” ಎಂದು ಗೊಣಗಿ ಮುಂದೆ ಹೋದರು. “ಸಾರ್, ಅಡ್ಡಡ್ಡ ಒಂದ್ಸಲ ಓದಿಬಿಡೋಣ್ವಾ? ಯಾಕೋ ಒಂದು ಕಮ್ಮಿ ಬಂದ ಹಾಗಿದೆ,” ಎಂದಿದ್ದಳು. ಅವನು ಗಡಿಯಾರ ನೋಡಿ, “ನಿಮಗೆ ಇಂಗ್ಲಿಷ್ ಬರುತ್ತಾ?” ಎಂದಿದ್ದ. “ಓದೋಕೆ ಬರುತ್ತೆ ಸಾರ್.” “ಓದೋಕೆ ಬಂದ್ರೆ ಸಾಕು. ಕಮ್ಮಿ ಜಾಸ್ತಿ ನಾನು ನೋಡ್ಕೋತೀನಿ.” ಪಕ್ಕದ ಮೇಜಿನವರು ಕಿಸಕ್ಕೆಂದಿದ್ದರು. ಅವಳೂ ನಕ್ಕು ಹಾಳೆ ಮಡಿಚಿದ್ದಳು. ಅವನು ಕೂದಲು ಬಾಚಿಕೊಂಡು ಮ್ಯಾನೇಜರ ಕೋಣೆಗೆ ಓಡಿದ್ದ. ಅಲ್ಲಿ ಅವನನ್ನು ಯಾರೂ ಪರಿಚಯ ಮಾಡಿಸಲಿಲ್ಲ. ಗೋಡೆಗೆ ಒರಗಿ ಚಹಾದ ಕಪ್ಪು ಹಿಡಿದುಕೊಂಡು, ಎಲ್ಲರೂ ನಕ್ಕಾಗ ತಾನೂ ನಗುತ್ತ, ಮುಕ್ಕಾಲು ಗಂಟೆ ನಿಂತಿದ್ದು ವಾಪಸು ಬಂದಿದ್ದ. ಒಂದು ಕಪ್ಪು ಚಹಾಕ್ಕೆ ಇಷ್ಟೆಲ್ಲ.

ಪ್ರೆಸ್ಸಿನ ಗೇಟಿನಲ್ಲಿ ಕಾವಲುಗಾರ ಎಂದಿನಂತೆ ಎದ್ದು ನಿಂತ. ಸುದ್ದಿ ಇನ್ನೂ ಬಂದಿಲ್ಲ ಎಂದು ಅವನಿಗೆ ಸಮಾಧಾನವಾಯಿತು, ಮೆಟ್ಟಿಲು ಹತ್ತುವಷ್ಟರಲ್ಲಿ ಆ ಸಮಾಧಾನ ಮುಗಿಯಿತು. ಮ್ಯಾನೇಜರ ಕೋಣೆಯ ಬಾಗಿಲಲ್ಲಿ ಟೈಪಿಸ್ಟ್ ನಿಂತಿದ್ದಳು. “ಶಿಕ್ಷಣ ಕಚೇರಿಯಿಂದ ಕಾಗದ ಬಂದಿದೆ ಸಾರ್, ಇಂಗ್ಲಿಷ್ ಪುಸ್ತಕದ್ದು. ಮೂರು ಗಂಟೆಗೆ ಕೂಡಬೇಕಂತೆ, ನೀವು, ಓದಮ್ಮ ಇಬ್ರೂ. ತುಂಬ ಸಿಟ್ಟಲ್ಲಿದ್ದಾರೆ,” ಎಂದು ಪಿಸುಗುಟ್ಟಿದಳು. ಪುಸ್ತಕದಲ್ಲಿ ಏನಾಗಿದೆ ಎಂದು ಗೊತ್ತಿಲ್ಲದವನ ಹಾಗೆ ಹುಬ್ಬು ಏರಿಸಲು ನೋಡಿದ. ಹುಬ್ಬು ಏರಿತೋ ಇಲ್ಲವೋ ತಿಳಿಯಲಿಲ್ಲ. “ಸಾರ್, ಒಂದು ಕೆನ್ನೆ...” ಎಂದು ಅವಳು ತನ್ನ ಕೆನ್ನೆ ಮುಟ್ಟಿ ತೋರಿಸಿ, ನಗು ತಡೆದುಕೊಂಡು ಒಳಗೆ ಹೋದಳು. ಅವನು ಕೈಯಿಂದ ಎಡಗೆನ್ನೆ ಮುಚ್ಚಿಕೊಂಡು ತನ್ನ ಮೇಜಿಗೆ ನಡೆದ. ಮಧ್ಯಾಹ್ನದವರೆಗೂ ಆ ಕೈ ಅಲ್ಲಿಂದ ಇಳಿಯಲಿಲ್ಲ, ಹಲ್ಲುನೋವು ಎಂದು ಕೇಳಿದವರಿಗೆಲ್ಲ ಹೇಳಿದ.

ಓದಮ್ಮ ಮೊದಲೇ ಬಂದು ಕೂತಿದ್ದಳು. ಅಂದಿನ ಕೆಲಸ ವಿಜ್ಞಾನದ ಪುಸ್ತಕ, ಬೀಜ ಮೊಳೆಯುವ ಅಧ್ಯಾಯ. ಅವಳು ಓದಿದಳು, ಅವನು ತಿದ್ದಿದ. ಅಥವಾ ತಿದ್ದಿದಂತೆ ಪೆನ್ನು ಆಡಿಸಿದ. ಅವಳ ದನಿ ಎಂದಿನಂತೆ ಏರಿಳಿತವಿಲ್ಲದೆ ಹರಿಯುತ್ತಿತ್ತು, ಹತ್ತೊಂಬತ್ತು ವರ್ಷ ಕೇಳಿ ಕೇಳಿ ಅದು ಅವನ ತಲೆಯೊಳಗಿನ ದನಿಯೇ ಆಗಿತ್ತು, ಮನೆಯಲ್ಲಿ ಪತ್ರಿಕೆ ಓದುವಾಗಲೂ ಅದೇ ಕೇಳುತ್ತಿತ್ತು. ಒಂದು ವಾಕ್ಯದ ನಡುವೆ ನಿಲ್ಲಿಸಿ, “ಸಾರ್, ಆ ಪಟ್ಟಿ ಅಲ್ವಾ?” ಎಂದಳು. ಯಾವ ಪಟ್ಟಿ ಎಂದು ಅವನು ಕೇಳಲಿಲ್ಲ. “ಮೂರು ಗಂಟೆಗೆ ನೋಡೋಣ, ಈಗ ಓದಿ,” ಎಂದ. “ಹಾಳೆ ತೆಗೆದು ನೋಡಿದ್ರೆ ಗೊತ್ತಾಗುತ್ತೆ ಬಿಡಿ. ಕಟ್ಟಿಟ್ಟಿದೀನಿ, ಎಲ್ಲೂ ಹೋಗಲ್ಲ,” ಎಂದು ಅವಳು ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಸರಿಸಿಕೊಂಡು ಮತ್ತೆ ಓದತೊಡಗಿದಳು. ಸಮಾಧಾನ ಹೇಳಲೆಂದೇ ಅಂದ ಮಾತು. ಅದನ್ನು ಕೇಳಿ ಅವನ ಜೀವ ಹಿಡಿಯಷ್ಟಾಯಿತು. ಹಾಳೆ ಇದೆ. ಹಾಳೆಯ ಮೇಲೆ ಕೆಂಪು ಮಸಿಯಲ್ಲಿ ಅವನ ದುಂಡಗಿನ ಕಟ್ ಇದೆ, ಅದರ ಕೆಳಗೆ ಸಹಿ ಇದೆ. ಅದನ್ನು ನೋಡಿದವರು ಯಾರೇ ಆಗಲಿ, ಖಾಲಿ ಬಿಟ್ಟ ಜಾಗ ಕಣ್ಣಿಗೆ ಬಿದ್ದರೂ ಮೇಲಿನ ಸಾಲು ನೋಡದೆ ತುಂಬಿಸಿದವನು ಎಂಥ ಕುರುಡ ಎಂದು ಕೇಳುತ್ತಾರೆ. ಪೂರ್ಣವಿರಾಮ ಎಂದು ಕರೆದವರೇ ಕೇಳುತ್ತಾರೆ. ಕೆಲಸ ಹೋಗುವುದಿಲ್ಲ, ಅವನದು ಕಾಯಂ ಕೆಲಸ, ಹೆಚ್ಚೆಂದರೆ ಒಂದು ಎಚ್ಚರಿಕೆ ಪತ್ರ. ಆದರೆ ಮ್ಯಾನೇಜರು ಓದುವುದನ್ನು ನಿಲ್ಲಿಸಿ ತಲೆ ಎತ್ತಿ ಅವನನ್ನು ನೋಡುತ್ತಾರೆ. ಆ ನೋಟ ಎಂಥದೆಂದು ಅವನಿಗೆ ಎಂಟನೆಯ ವಯಸ್ಸಿನಿಂದ ಗೊತ್ತಿತ್ತು.

ಒಂದು ಗಂಟೆಗೆ ಕಡತದ ಕೋಣೆಯ ಗುಮಾಸ್ತ ಊಟಕ್ಕೆ ಹೋಗುತ್ತಾನೆ, ಬೀಗ ಹಾಕುವುದಿಲ್ಲ. ಅವನು ಒಳಗೆ ಹೋಗುವುದು ಹೊಸದೇನಲ್ಲ, ವಾರಕ್ಕೆ ನಾಲ್ಕು ಸಲ ಹೋಗುವವನೇ. ಆದರೂ ಇವತ್ತು ಬಾಗಿಲು ಕಿರುಗುಟ್ಟಿದಾಗ ಹಿಂತಿರುಗಿ ನೋಡಿದ. ಧೂಳು, ಹಳೆ ಕಾಗದ, ಇಲಿಯ ವಾಸನೆ. ಮುಗಿದ ಪುಸ್ತಕದ ಕರಡುಗಳನ್ನು ಓದಮ್ಮನೇ ಎಣಿಸಿ, ದಾರದಲ್ಲಿ ಕಟ್ಟಿ, ರಿಜಿಸ್ಟರಿನಲ್ಲಿ ಸಹಿ ಮಾಡಿ ಇಲ್ಲಿ ಇಡುವುದು. ಅವಳ ಗಂಟು ಬಿಚ್ಚಲು ಸುಲಭ, ಒಂದೇ ಎಳೆತಕ್ಕೆ ಬರುತ್ತದೆ. ಇಪ್ಪತ್ತೆಂಟನೆಯ ಹಾಳೆ. ಅಲ್ಲೇ ಇತ್ತು, ಕಟ್ ಎಂಬ ಕೆಂಪು ಮಾತು ಈಗಷ್ಟೇ ಬರೆದಂತೆ ಹೊಳೆಯುತ್ತ. ಅದನ್ನು ಎಳೆದು ನಾಲ್ಕಾಗಿ ಮಡಿಚಿ ಅಂಗಿಯೊಳಗೆ, ಬನಿಯನ್ನಿಗೂ ಒಳಗೆ, ಹೊಟ್ಟೆಗೆ ತಾಗುವಂತೆ ಸೇರಿಸಿದ. ಹರಿದು ಹಾಕಲು ಧೈರ್ಯ ಬರಲಿಲ್ಲ, ಚೂರು ಎಲ್ಲಿ ಹಾಕುವುದು. ಮತ್ತೆ ದಾರ ಕಟ್ಟಿದ, ಅವಳ ಗಂಟಿನಂತೆಯೇ ಕಟ್ಟಲು ಮೂರು ಸಲ ನೋಡಿದ. ಹೊರಡುವಾಗ ಗೋಡೆಯ ಮೇಲಿನ ನಿಯಮಗಳ ಪಟ್ಟಿ ಎದುರಿಗೇ ಇತ್ತು. ಕಟ್ಟಿನಲ್ಲಿ ಹಾಳೆ ಕಡಿಮೆ ಬಂದರೆ ಕಟ್ಟಿ ಒಪ್ಪಿಸಿದವರೇ ಹೊಣೆ, ಎಂದು ಐದನೆಯ ನಿಯಮ. ಆ ಪಟ್ಟಿಯ ಕರಡನ್ನೂ ಅವನೇ ತಿದ್ದಿದ್ದ. ಹೊಣೆ ಓದಮ್ಮನ ತಲೆಗೆ ಬರುತ್ತದೆಂಬುದು ಆ ಕ್ಷಣ ತನಗೆ ಹೊಳೆಯಲಿಲ್ಲ ಎಂದು ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡ. ಹೊಳೆದಿತ್ತೋ ಇಲ್ಲವೋ ಅವನಿಗೇ ಖಾತ್ರಿಯಿಲ್ಲ. ಪಟ್ಟಿಯನ್ನು ಪೂರ್ತಿ ಓದುವಷ್ಟು ಹೊತ್ತು ಅಲ್ಲಿ ನಿಂತಿದ್ದನೆಂಬುದು ಮಾತ್ರ ನಿಜ.

ಮೂರು ಗಂಟೆಗೆ ಮ್ಯಾನೇಜರ ಎದುರು ಇಬ್ಬರೂ ಕೂತರು. ಮೇಜಿನ ಮೇಲೆ ಪುಸ್ತಕ, ಕಾಗದ, ಬಿಚ್ಚಿದ ಕಟ್ಟು. ಮ್ಯಾನೇಜರು ದಪ್ಪ ಆಸಾಮಿ, ಸಿಟ್ಟು ಬಂದಾಗ ದನಿ ಏರಿಸದೆ ಇಳಿಸುವವರು.

“ಇಪ್ಪತ್ತೇಳು ಇದೆ. ಇಪ್ಪತ್ತೊಂಬತ್ತು ಇದೆ. ಇಪ್ಪತ್ತೆಂಟು ಎಲ್ಲಿ ಓದಮ್ಮ?”

“ಇದೆ ಸಾರ್, ಎಣಿಸಿ ಕಟ್ಟಿದ್ದೆ,” ಎಂದು ಅವಳು ಕಟ್ಟನ್ನು ತನ್ನ ಕಡೆಗೆ ಎಳೆದುಕೊಂಡು ಹಾಳೆ ತಿರುವಿದಳು. ಒಂದು ಸಲ, ಇನ್ನೊಂದು ಸಲ. ಮೂರನೆಯ ಸಲ ತಿರುವುವಾಗ ಅವಳ ಕೈ ನಿಧಾನವಾಯಿತು.

“ಎಣಿಸಿ ಕಟ್ಟಿದ್ದು ರೆಕ್ಕೆ ಬಂದು ಹಾರಿಹೋಯ್ತಾ? ಸರಿಯಾಗಿ ಅದೊಂದೇ?” ಮ್ಯಾನೇಜರು ಅವನ ಕಡೆ ತಿರುಗಿದರು. “ಹಾಳೆ ಇದ್ದಿದ್ರೆ ಯಾರದ್ದು ತಪ್ಪು ಅಂತ ನೋಡ್ಬಹುದಿತ್ತು. ಈಗ ನೀವೇ ಹೇಳ್ರೀ. ಅವತ್ತೇನಾಯ್ತು?”

ಅವನು ಉಸಿರು ಎಳೆದುಕೊಂಡ. ಎಳೆದುಕೊಂಡ ಕೂಡಲೇ ಹೊಟ್ಟೆಯ ಮೇಲೆ ಕಾಗದ ಸರಬರ ಎಂದಿತು. ಫ್ಯಾನು ತಿರುಗುತ್ತಿತ್ತು, ಮ್ಯಾನೇಜರಿಗೆ ಕೇಳಿಸಿರಲಾರದು. ಓದಮ್ಮ ಮೊಳದಷ್ಟು ದೂರದಲ್ಲಿದ್ದಳು. ಅವಳು ಹಾಳೆ ತಿರುವುವುದನ್ನು ನಿಲ್ಲಿಸಿ ಅವನ ಅಂಗಿಯ ಕಡೆಗೊಮ್ಮೆ ನೋಡಿ ಕಣ್ಣು ತೆಗೆದಳು. ಕಾಗದದ ಸದ್ದಿನ ನಡುವೆಯೇ ಬಾಳಿದವಳು, ಅವಳಿಗೆ ತಿಳಿಯದೆ ಇರುತ್ತದೆಯೇ. ಈಗ ಹೇಳುತ್ತಾಳೆ. ಬೆರಳು ತೋರಿಸಿ, ಸಾರ್, ಅಲ್ಲಿದೆ ನೋಡಿ, ಎನ್ನುತ್ತಾಳೆ. ಅವನ ತೊಡೆಯ ಸಂದಿ ಬೆವರಿತ್ತು, ಬೆವರೋ ಬೇರೇನೋ ಎಂದು ಒಂದು ಗಳಿಗೆ ಗಾಬರಿಯಾದ. “ನಾಲ್ಕು ತಿಂಗಳಾಯ್ತು ಸಾರ್. ನೆನಪಿಲ್ಲ,” ಎಂದ.

ಆಮೇಲೆ ಓದಮ್ಮ ಕಟ್ಟನ್ನು ಅಂಚು ಕೂಡಿಸಿ ಮೇಜಿನ ಮೇಲಿಟ್ಟಳು. “ನನ್ನದೇ ಇರಬಹುದು ಸಾರ್,” ಎಂದಳು, ವಿಜ್ಞಾನದ ಪುಸ್ತಕ ಓದಿದ ಅದೇ ದನಿಯಲ್ಲಿ. “ನನಗೆ ಇಂಗ್ಲಿಷ್ ಬರಲ್ಲ.”

ಮುಂದಿನದೆಲ್ಲ ಬೇಗ ಬೇಗ ಆಯಿತು. ಶಿಕ್ಷಣ ಕಚೇರಿಗೆ ಸಂಜೆಯೊಳಗೆ ಉತ್ತರ ಹೋಗಬೇಕು, ಉತ್ತರದಲ್ಲಿ ಒಂದು ಹೆಸರು ಇರಬೇಕು, ಹೆಸರಿನ ಮುಂದೆ ಏನು ಕ್ರಮ ಕೈಗೊಂಡಿದೆ ಎಂದೂ ಇರಬೇಕು. ತಾತ್ಕಾಲಿಕ ಕೆಲಸದವರಿಗೆ ನೋಟಿಸು ಬೇಡ. ಕೆಲಸದಿಂದ ತೆಗೆದ ಪತ್ರ ಐದು ಗಂಟೆಗೆ ಸಿದ್ಧವಾಗುತ್ತದೆ, ತಗೊಂಡು ಹೋಗಿ, ಎಂದರು ಮ್ಯಾನೇಜರು. ಅವಳು ತಲೆಯಾಡಿಸಿ ಎದ್ದಳು. ಎದ್ದವಳು ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿ ಹೋದಳು, ಎಂದೂ ಮರೆಯದ ಅಭ್ಯಾಸ. ಅವನು ತನ್ನ ಜಾಗಕ್ಕೆ ಬಂದು ಬೀಜ ಮೊಳೆಯುವ ಪುಟದ ಎದುರು ಕೂತ. ಓದುವವರಿರಲಿಲ್ಲ. ಒಂದೊಂದು ಅಕ್ಷರವೂ ಬೇರೆ ಬೇರೆಯಾಗಿ ನಿಂತು ಕೂಡಿಕೊಳ್ಳಲು ಒಪ್ಪಲಿಲ್ಲ. ಅಣ್ಣನ ಮನೆಯ ಆ ಕೋಣೆ ಹೇಗಿರಬಹುದು ಎಂದು ಅವನು ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಬೇಡವೆಂದರೂ ಕಣ್ಣಿಗೆ ಕಟ್ಟಿತು. ಒಂದು ಮಂಚ, ಒಂದು ಗೂಟ, ಗೂಟಕ್ಕೆ ಒಂದು ಸೀರೆ, ಬಾಗಿಲಲ್ಲಿ ಅತ್ತಿಗೆ ನಿಂತು, ಈ ಕೋಣೆ ಮಕ್ಕಳಿಗೆ ಓದೋಕೆ ಬೇಕಿತ್ತು, ಎನ್ನುತ್ತಿರುವುದು. ತಾನು ಹೇಳುತ್ತೇನೆ, ಹೇಳಿಯೇ ಹೇಳುತ್ತೇನೆ, ನಾಲ್ಕೂವರೆಗೆ ಹೇಳುತ್ತೇನೆ, ಎಂದುಕೊಂಡ. ನಾಲ್ಕೂವರೆಯಾಯಿತು. ಮುಕ್ಕಾಲಿಗೆ ಹೇಳುತ್ತೇನೆ ಎಂದುಕೊಂಡ.

ಐದಕ್ಕೆ ಕೆಳಗಿಳಿದಾಗ ಅವಳು ಮೆಟ್ಟಿಲ ಬುಡದ ಬೆಂಚಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಪತ್ರಕ್ಕಾಗಿ ಕಾಯುತ್ತಿದ್ದಳು. ಇನ್ನೊಂದು ಬಾಗಿಲಿನಿಂದ ಹೋಗೋಣವೆಂದು ತಿರುಗುವಷ್ಟರಲ್ಲಿ ಅವಳು ನೋಡಿಬಿಟ್ಟಳು. ಹತ್ತಿರ ಬಂದಳು. ಬೈಯಲಿ ಎಂದು ಅವನು ಆಸೆಪಟ್ಟ, ಬೈದರೆ ಒಂದಿಷ್ಟು ತೀರಿದಂತಾಗುತ್ತಿತ್ತು. ಅವಳು ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಗ್ಗಿದ ದನಿಯಲ್ಲಿ, “ಸಾರ್, ಆ ಕಾಗದ ತೆಗೆದುಬಿಡಿ. ಬೆವರಿಗೆ ಮಸಿ ಬಿಡುತ್ತೆ, ಬನಿಯನ್ನಿಗೆಲ್ಲ ಹತ್ತುತ್ತೆ. ಮನೇಲಿ ಏನು ಅಂತ ಕೇಳ್ತಾರೆ,” ಎಂದಳು.

“ಯಾವ ಕಾಗದ?” ಎಂದ ಅವನು. ಯೋಚಿಸಿ ಅಂದದ್ದಲ್ಲ, ಯೋಚನೆಗಿಂತ ಮೊದಲೇ ಬಾಯಿ ಅಂದುಬಿಟ್ಟಿತ್ತು. ಅವಳು ಅವನ ಮುಖವನ್ನು ನೋಡಿದಳು. ಬ್ರಷ್ಷು ನಿಲ್ಲಿಸಿ ಅಪ್ಪ ನೋಡುತ್ತಿದ್ದ ನೋಟ ಅದಲ್ಲ, ಅದರಲ್ಲಿ ಸಿಟ್ಟಿರಲಿಲ್ಲ, ತಿರಸ್ಕಾರವೂ ಇರಲಿಲ್ಲ, ಜ್ವರ ಬಂದವರನ್ನು ನೋಡುತ್ತಾರಲ್ಲ, ಹಾಗಿತ್ತು. “ಸರಿ ಬಿಡಿ ಸಾರ್,” ಎಂದು ಬೆಂಚಿಗೆ ಹೋಗಿ ಕೂತಳು. ಅವನಿಗೆ ಅದು ತಡೆಯಲಾಗಲಿಲ್ಲ. ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು, ಆ ಬಿಸಿಯಲ್ಲಿ ಹೆದರಿಕೆ ಒಂದು ನಿಮಿಷ ಕಾಣದಾಯಿತು, ಅದು ವಾಪಸು ಬರುವುದರೊಳಗೆ ಮುಗಿಸಿಬಿಡಬೇಕೆಂದು ಅವನು ಎರಡೆರಡು ಮೆಟ್ಟಿಲು ಹಾರುತ್ತ ಮೇಲಕ್ಕೆ ಹೋದ.

ಮ್ಯಾನೇಜರು ಹೊರಡುವ ಸನ್ನಾಹದಲ್ಲಿದ್ದರು. ಅವನು ಬಾಗಿಲು ತಟ್ಟದೆ ಒಳಗೆ ನುಗ್ಗಿ, ಅಂಗಿಯ ಗುಂಡಿ ಬಿಚ್ಚಿ, ಹಾಳೆ ತೆಗೆದು ಮೇಜಿನ ಮೇಲೆ ಹರಡಿದ. ಹಾಳೆ ಒದ್ದೆಯಾಗಿತ್ತು. ಮಡಿಕೆಗಳಲ್ಲಿ ಕೆಂಪು ಮಸಿ ಹರಿದು ತಿಳಿಯಾದ ಕೆಂಪು ಕಲೆಗಳಾಗಿತ್ತು. ಕಟ್ ಇದ್ದ ಜಾಗದಲ್ಲಿ ಒಂದು ಕಲೆ, ಸಹಿ ಇದ್ದ ಜಾಗದಲ್ಲಿ ಇನ್ನೊಂದು.

“ನಾನು ಸಾರ್. ಇಲ್ಲಿ ನಾನೇ ಬರೆದದ್ದು. ಅಡ್ಡಡ್ಡ ಓದೋಣ ಅಂದಳು, ನಾನೇ ಬೇಡ ಅಂದೆ.”

ಮ್ಯಾನೇಜರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಹಾಳೆಯನ್ನಲ್ಲ, ಮೊದಲು ಅವನ ಬಿಚ್ಚಿದ ಅಂಗಿಯನ್ನು, ಒಂದು ಕಡೆ ಗಡ್ಡವಿದ್ದ ಮುಖವನ್ನು. “ಇದು ನಿಮ್ಮ ಕೈಗೆ ಹೇಗೆ ಬಂತು?” ಎಂದರು. ಅವನು ಬಾಯಿ ತೆರೆಯುವ ಮೊದಲೇ ಅವರ ಮುಖದಲ್ಲಿ ಎಲ್ಲ ಅರ್ಥವಾದ ಕಳೆ ಬಂತು. “ಅವಳು ಬಚ್ಚಿಟ್ಟಿದ್ಳಾ? ಈಗ ಪತ್ರ ಕೈಗೆ ಬರುತ್ತೆ ಅನ್ನುವಾಗ ನಿಮ್ಮ ಕಾಲು ಹಿಡಿದಳು, ಅಲ್ವಾ?”

“ಇಲ್ಲ ಸಾರ್. ನಾನೇ ತೆಗೆದದ್ದು. ಕಡತದ ಕೋಣೆಯಿಂದ.”

“ನೀವು! ಕದ್ದು!” ಮ್ಯಾನೇಜರು ನಕ್ಕರು. ಇಡೀ ದಿನದಲ್ಲಿ ಅವರು ನಕ್ಕದ್ದು ಅದೇ ಮೊದಲು. “ಮೂವತ್ತು ವರ್ಷ ನೋಡಿದೀನಿ ನಿಮ್ಮನ್ನ. ಒಂದು ಚುಕ್ಕಿ ಬಿಟ್ಟವರಲ್ಲ ನೀವು, ಇಡೀ ಕಾಲಂ ಬಿಡ್ತೀರಾ? ಇದನ್ನ ನೋಡಿ ಯಾರು ಏನು ಬರೆದದ್ದು ಅಂತ ಹೇಳೋಕಾಗುತ್ತೇನ್ರೀ?” ಹಾಳೆಯ ಒಂದು ಮೂಲೆ ಹಿಡಿದೆತ್ತಿ ಕಸದ ಬುಟ್ಟಿಗೆ ಬಿಟ್ಟರು. “ಪಾಪ ಅನ್ನಿಸುತ್ತೆ, ನನಗೂ ಅನ್ನಿಸುತ್ತೆ. ಆದರೆ ಉತ್ತರ ಹೋಗಿಯಾಯ್ತು. ಹೆಸರು ಹೋಗಿಯಾಯ್ತು. ನೀವು ಒಳ್ಳೆಯವರು ಕಣ್ರೀ, ಇಂಥ ಕಾಲದಲ್ಲಿ ಯಾರು ಇನ್ನೊಬ್ಬರ ತಪ್ಪು ತಲೆ ಮೇಲೆ ಹಾಕ್ಕೋತಾರೆ? ಮನೆಗೆ ಹೋಗಿ. ಹಲ್ಲುನೋವು ಅಂತಿದ್ರಂತೆ, ಡಾಕ್ಟರಿಗೆ ತೋರಿಸಿ.”

ಇನ್ನೊಂದು ಸಲ ಹೇಳಬೇಕಿತ್ತು. ಎರಡು ಸಲ ಹೇಳಿದ್ದ, ಮೂರನೆಯ ಸಲ ಗಟ್ಟಿಯಾಗಿ, ಮೇಜು ಕುಟ್ಟಿ ಹೇಳಿದ್ದರೆ ಏನಾಗುತ್ತಿತ್ತೋ. ಉಸಿರಿತ್ತು, ದನಿಯೂ ಇತ್ತು. ಮ್ಯಾನೇಜರು ಅವನ ಭುಜ ತಟ್ಟಿದರು, ಅಷ್ಟು ವರ್ಷದಲ್ಲಿ ಎಂದೂ ತಟ್ಟಿದವರಲ್ಲ, ಆ ಕೈಯ ಭಾರ ಹಿತವಾಗಿತ್ತು, ಅವನು ಗುಂಡಿ ಹಾಕಿಕೊಂಡು ಹೊರಗೆ ಬಂದ. ಮೆಟ್ಟಿಲಿಳಿಯುವಾಗ ಮೈ ಹಗುರವಾಗಿದೆ ಎಂಬುದು ಅವನ ಗಮನಕ್ಕೆ ಬಂತು. ಬೆಳಗಿನಿಂದ ಎದೆಯ ಮೇಲೆ ಕೂತದ್ದು ಎದ್ದುಹೋಗಿತ್ತು, ಹೊಟ್ಟೆ ಹಸಿಯುತ್ತಿತ್ತು. ಇದು ತಿಳಿದದ್ದೇ ಅವನಿಗೆ ಎಂದೂ ಆಗದಂಥ ಹೆದರಿಕೆಯಾಯಿತು, ಇಡೀ ದಿನ ಹೆದರಿದ್ದೆಲ್ಲ ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ಮೆಟ್ಟಿಲ ಪಕ್ಕದ ಕಟಾಂಜನ ಹಿಡಿದುಕೊಂಡು ನಿಂತ. ಬೆರಳುಗಳು ಬಿಡಿಸಿಕೊಳ್ಳಲು ಹೊತ್ತಾಯಿತು.

ಕೆಳಗೆ ಬೆಂಚಿನ ಮೇಲೆ ಓದಮ್ಮ ಇನ್ನೂ ಕೂತಿದ್ದಳು. ಪತ್ರ ಬಂದಿತ್ತು, ಮಡಿಚಿ ಚೀಲದ ಮೇಲಿಟ್ಟುಕೊಂಡಿದ್ದಳು. ಅವನ ಬನಿಯನ್ನಿನ ಕೆಂಪು ಅಂಗಿಯ ಹೊರಗೂ ಸ್ವಲ್ಪ ಕಾಣುತ್ತಿತ್ತು, ಕಾಗದದ ಉಬ್ಬು ಮಾತ್ರ ಇರಲಿಲ್ಲ, ಅದನ್ನು ನೋಡಿ ಅವಳಿಗೆ ಅರ್ಥವಾಯಿತು, ಎದ್ದು ನಿಂತಳು. ಅವಳ ಮುಖದಲ್ಲಿ ಎಲ್ಲಿಂದಲೋ ಒಂದು ಆಸೆ ಬಂದಿತ್ತು. ಇಷ್ಟು ವರ್ಷದಲ್ಲಿ ಆ ಮುಖದಲ್ಲಿ ಆಸೆಯನ್ನು ಅವನು ಕಂಡೇ ಇರಲಿಲ್ಲ.

“ಹೇಳಿದ್ರಾ ಸಾರ್?”

“ಹೇಳಿದೆ.”

“ಏನಂದ್ರು?”

ಅವನು ಬಾಗಿಲ ಕಡೆ ನೋಡಿದ, ರಸ್ತೆಯ ಕಡೆ ನೋಡಿದ. ನೋಡಲು ಬೇರೇನೂ ಉಳಿಯದೆ ಕೊನೆಗೆ ಅವಳನ್ನೇ ನೋಡಿದ.

“ನಾನು ಒಳ್ಳೆಯವನು ಅಂದ್ರು.”